ಎಂಟು ಜನರ ಹೆಸರು ಅಳಿಸಿ ಅಂದರು

ಇದು ಎರಡು ವರ್ಷದ ಹಿಂದಿನ ಮಾತು. ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನದೊಂದು ಸಣ್ಣ ರಕ್ತಪರೀಕ್ಷೆಯ ಲ್ಯಾಬ್ ಇದೆ. ಬೆಳಗ್ಗೆ ಏಳಕ್ಕೆ ಬಾಗಿಲು ತೆಗೆದರೆ ಖಾಲಿ ಹೊಟ್ಟೆಯಲ್ಲಿ ಬಂದು ಕೂರುವವರಲ್ಲಿ ಅರ್ಧ ಜನ ಸಕ್ಕರೆ ಕಾಯಿಲೆಯವರು.

ಒಂದು ದಿನ ಕಾರಿನಲ್ಲಿ ಒಬ್ಬರು ಬಂದರು. ಇಸ್ತ್ರಿ ಮಾಡಿದ ಅಂಗಿ, ಮೆತ್ತನೆಯ ಮಾತು. ತಾವು ಗಿಡಮೂಲಿಕೆ ಔಷಧಿ ಮಾಡುವವರೆಂದೂ, ಕಾಡಿನ ಸೊಪ್ಪಿನಿಂದ ತೆಗೆದ ಸಾರ ರಕ್ತದ ಸಕ್ಕರೆಯನ್ನು ಎಷ್ಟು ಇಳಿಸುತ್ತದೆ ಎಂದು ಪರೀಕ್ಷೆ ಮಾಡುತ್ತಿದ್ದೇವೆಂದೂ ಹೇಳಿದರು. ಬಂದಳಿಕೆ ಕಡೆಯ ಒಂದು ಹಳ್ಳಿಯಲ್ಲಿ ಸಕ್ಕರೆ ಕಾಯಿಲೆಯ ಇಪ್ಪತ್ತು ಜನರನ್ನು ಗುರುತು ಮಾಡಿದ್ದರು. ಮೊದಲ ದಿನ ಒಮ್ಮೆ, ಇಪ್ಪತ್ತು ದಿನ ಬಿಟ್ಟು ಮತ್ತೊಮ್ಮೆ ರಕ್ತ ತೆಗೆದು ನೋಡುವುದು ನನ್ನ ಕೆಲಸ. ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ ಖುಷಿಯೂ ಆಯಿತು. ನಮ್ಮಜ್ಜಿ ಸೊಪ್ಪು, ಬೇರು ಅರೆದು ಊರಿಗೆಲ್ಲ ಕೊಟ್ಟವಳು. ಅಂಥದ್ದನ್ನು ಯಾರಾದರೂ ಸರಿಯಾಗಿ ಪರೀಕ್ಷಿಸಿದರೆ ಒಳ್ಳೆಯದೇ ಅಂದುಕೊಂಡೆ.

ಸಮುದಾಯ ಭವನದಲ್ಲಿ ಎಲ್ಲರೂ ಸೇರಿದ್ದರು. ಇಂಗ್ಲಿಷಿನಲ್ಲಿದ್ದ ಕಾಗದಕ್ಕೆ ಕೆಲವರು ಸಹಿ ಮಾಡಿದರು, ಕೆಲವರು ಹೆಬ್ಬೆಟ್ಟು ಒತ್ತಿದರು. ಅದರಲ್ಲಿ ಏನು ಬರೆದಿದೆ ಎಂದು ಯಾರೂ ಓದಿ ಹೇಳಲಿಲ್ಲ. ಪ್ರತಿಯೊಬ್ಬರ ಫೋಟೊ ತೆಗೆದರು. ಅವರಲ್ಲಿ ಬಸಮ್ಮ ನನಗೆ ಪರಿಚಯದವರು. ಅರವತ್ತು ದಾಟಿದ ಹೆಂಗಸು, ತಿಂಗಳಿಗೊಮ್ಮೆ ನನ್ನ ಲ್ಯಾಬಿಗೆ ಬರುವವರು. ನನ್ನನ್ನು ಕಂಡು ಅವರ ಮುಖ ಅರಳಿತು.

"ಯವ್ವಾ, ಈ ಸೊಪ್ಪಿನ ನೀರು ಕುಡೀಬೋದೇನು?"

"ಪರೀಕ್ಷೆ ಮಾಡಿ ನೋಡ್ತಾರಂತೆ ಬಸಮ್ಮಾರೆ, ನೋಡೋಣ" ಅಂದೆ.

ಬಾಟಲಿ ಹಂಚುವಾಗ ಆ ಮನುಷ್ಯ ಎಲ್ಲರಿಗೂ ಹೇಳಿದ: "ಇಪ್ಪತ್ತು ದಿನ ಮಾತ್ರೆ ಮುಟ್ಟಬೇಡಿ. ಎರಡೂ ಸೇರಿದ್ರೆ ಯಾವುದರಿಂದ ಇಳೀತು ಅಂತ ಗೊತ್ತಾಗಲ್ಲ."

ನಾನು ಪಕ್ಕಕ್ಕೆ ಕರೆದು, "ಮಾತ್ರೆ ಬಿಡಿಸೋದು ಸರೀನಾ ಸರ್? ಇವರ ಡಾಕ್ಟರನ್ನ ಕೇಳಿದ್ದೀರಾ?" ಅಂದೆ. "ಎಲ್ಲಾ ವ್ಯವಸ್ಥೆ ಆಗಿದೆ ಮೇಡಂ, ನೀವು ರಕ್ತ ತಗೊಳ್ಳಿ ಸಾಕು" ಅಂದ. ನಾನು ರಕ್ತ ತೆಗೆದುಕೊಂಡು ವಾಪಸ್ಸು ಬಂದೆ.

ಇಪ್ಪತ್ತು ದಿನದ ಮೇಲೆ ಹೋದಾಗ ಬಸಮ್ಮ ಕುಂಟುತ್ತಾ ಬಂದರು. ಹೊಲದಲ್ಲಿ ಕೊಯ್ದುಳಿದ ಗೋವಿನಜೋಳದ ಕೂಳೆ ಚುಚ್ಚಿತ್ತಂತೆ, ಕಾಲಿನ ಹೆಬ್ಬೆರಳಿಗೆ ಹಳೇ ಸೀರೆಯ ಚೂರು ಸುತ್ತಿದ್ದರು. ಮಧ್ಯಾಹ್ನ ಲ್ಯಾಬಿನಲ್ಲಿ ಫಲಿತಾಂಶ ನೋಡಿದೆ. ಆರು ಜನರ ಸಕ್ಕರೆ ಸ್ವಲ್ಪ ಇಳಿದಿತ್ತು. ಆರು ಜನರದ್ದು ಇದ್ದಲ್ಲೇ ಇತ್ತು. ಉಳಿದ ಎಂಟು ಜನರದ್ದು ಏರಿತ್ತು. ಬಸಮ್ಮನವರದ್ದು ನೂರಾ ಎಂಬತ್ತು ಇದ್ದದ್ದು ನಾನೂರ ಮೂವತ್ತು ಆಗಿತ್ತು.

ಫಲಿತಾಂಶ ಒಯ್ಯಲು ಆತ ಬಂದ. ಹಾಳೆಯ ಮೇಲೆ ಬೆರಳಾಡಿಸಿ, ತಲೆ ಎತ್ತದೆ ಹೇಳಿದ: "ಈ ಎಂಟು ಜನ ಸರಿಯಾಗಿ ಕುಡಿದಿಲ್ಲ ಮೇಡಂ. ಇವರ ಹೆಸರು ಅಳಿಸಿ, ಹನ್ನೆರಡು ಜನರದ್ದು ನಿಮ್ಮ ಲೆಟರ್‌ಹೆಡ್ಡಿನಲ್ಲಿ ಹೊಸದಾಗಿ ಮಾಡಿ ಸಹಿ ಹಾಕಿ ಕೊಡಿ."

"ಕುಡಿದಿಲ್ಲ ಅಂತ ನಿಮಗೆ ಹೇಗೆ ಗೊತ್ತು?"

"ಏರಿದೆ ಅಂದ್ರೆ ಕುಡಿದಿಲ್ಲ ಅಂತಲೇ ಅರ್ಥ."

ಇಷ್ಟು ಸಲೀಸಾಗಿ ಸುಳ್ಳು ಹೇಳುವುದನ್ನು ನಾನು ನೋಡಿರಲಿಲ್ಲ. "ಇಪ್ಪತ್ತು ಜನರದ್ದೂ ಕೊಡ್ತೀನಿ, ಇಲ್ಲಾಂದ್ರೆ ಒಬ್ಬರದ್ದೂ ಇಲ್ಲ. ಇವರೆಲ್ಲ ನಾಳೆಯಿಂದ ಮಾತ್ರೆ ಶುರು ಮಾಡಬೇಕು, ನೀವೇ ಹೋಗಿ ಹೇಳಿ" ಅಂದೆ. ಆತ ನಕ್ಕು, "ನಿಮ್ಮದೊಂದೇ ಲ್ಯಾಬಾ ಇರೋದು?" ಎಂದು ಎದ್ದು ಹೋದ.

ಆತ ಹೋಗಿ ಹೇಳುವುದಿಲ್ಲ ಎಂದು ಗೊತ್ತಿತ್ತು. ಲ್ಯಾಬಿಗೆ ಬೀಗ ಹಾಕಿ ಸ್ಕೂಟಿಯಲ್ಲಿ ಹೊರಟೆ. ಎಂಟೂ ಮನೆಗೆ ಹೋಗಿ, ಮಾತ್ರೆ ತಗೊಳ್ಳಿ, ಡಾಕ್ಟರಿಗೆ ತೋರಿಸಿ ಎಂದು ಹೇಳಿದೆ. ಬಸಮ್ಮನ ಕಾಲಿನ ಬಟ್ಟೆ ಬಿಚ್ಚಿದರೆ ಬೆರಳು ಕಪ್ಪಾಗಿತ್ತು. ಅವರನ್ನೂ ಅವರ ಸೊಸೆಯನ್ನೂ ಆಟೋದಲ್ಲಿ ಆಸ್ಪತ್ರೆಗೆ ಕರೆತಂದೆ. ನಾಲ್ಕನೇ ದಿನ ಆ ಹೆಬ್ಬೆರಳನ್ನು ತೆಗೆದರು.

ನೋಡಲು ಹೋದಾಗ ಬಸಮ್ಮ ಬೈಯಲಿಲ್ಲ. "ಆ ಮನುಷ್ಯನ್ನ ನಾ ನಂಬಿರ್ಲಿಲ್ಲ ಬಿಡು. ನೀ ಬಂದಿದ್ದಿ ಅಂತ ನಂಬಿದ್ದೆ" ಅಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ.

ತಾಲ್ಲೂಕು ಆರೋಗ್ಯಾಧಿಕಾರಿಯ ಕಚೇರಿಗೆ ಹೋಗಿ ಆತನ ಮೇಲೆ ದೂರು ಬರೆದುಕೊಟ್ಟೆ. ವಿಚಾರಿಸುತ್ತೇವೆ ಅಂದರು.

ಐದಾರು ತಿಂಗಳ ಮೇಲೆ ನೆಂಟರ ಮನೆಯ ಗೃಹಪ್ರವೇಶಕ್ಕೆಂದು ಸೊರಬಕ್ಕೆ ಹೋಗಿದ್ದೆ. ಪೇಟೆಯಲ್ಲಿ ನಾರು, ಬೇರು ಮಾರುವ ಗ್ರಂಧಿಗೆ ಅಂಗಡಿಯೊಂದರ ಗೋಡೆಯ ಪೋಸ್ಟರಿನಲ್ಲಿ ಬಸಮ್ಮ ನಗುತ್ತಿದ್ದರು. ಮೊದಲ ದಿನ ತೆಗೆದ ಅದೇ ಫೋಟೊ. ಕೆಳಗೆ ದಪ್ಪ ಅಕ್ಷರದಲ್ಲಿ, "ಇಪ್ಪತ್ತೇ ದಿನದಲ್ಲಿ ನನ್ನ ಸಕ್ಕರೆ ಹತೋಟಿಗೆ ಬಂತು" ಎಂದಿತ್ತು. ಪಕ್ಕದಲ್ಲಿ ಹಸಿರು ಡಬ್ಬಿಗಳ ಸಾಲು. ಮೈಯೆಲ್ಲ ಉರಿದುಹೋಯಿತು. ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ಮರುದಿನ ಬಸಮ್ಮನಿಗೆ ತೋರಿಸಿದೆ. ಅವರಿಗೆ ಓದಲು ಬರುವುದಿಲ್ಲ. ನಾನೇ ಓದಿದೆ. "ಸೊರಬದ ಬಸ್ಸು ಎಷ್ಟೊತ್ತಿಗೈತಿ?" ಅಂದರು.

ಅಂಗಡಿಯವರು ವಯಸ್ಸಾದ ಸಾಬರು. "ಏನು ಬೇಕಿತ್ತಮ್ಮಾ?" ಎಂದರು. ಬಸಮ್ಮ ಗೋಡೆಯ ಕಡೆ ಕೈ ಮಾಡಿ, "ಆ ಫೋಟೊದಾಗ ಇರೋಳು ನಾನೇ. ಆ ಮಾತು ನನ್ನ ಬಾಯಿಂದ ಬಂದಿದ್ದಲ್ಲ" ಅಂದರು. ಆಮೇಲೆ ಚಪ್ಪಲಿ ಬಿಟ್ಟು, ಕಾಲನ್ನು ಅಂಗಡಿಯ ಮೆಟ್ಟಿಲ ಮೇಲೆ ಇಟ್ಟರು. "ಇದು ಆ ನೀರು ಕುಡಿದ ಮೇಲೆ ಆಗಿದ್ದು. ನೋಡ್ರಿ."

ಡಬ್ಬಿ ಹಿಡಿದು ನಿಂತಿದ್ದ ಗಿರಾಕಿಯೊಬ್ಬರು ಅದನ್ನು ಮೆಲ್ಲಗೆ ವಾಪಸ್ಸಿಟ್ಟರು. ಸಾಬರು ಕನ್ನಡಕ ಹಾಕಿಕೊಂಡು ಫೋಟೊ ನೋಡಿದರು, ಬಸಮ್ಮನನ್ನು ನೋಡಿದರು. "ನಂಗೆ ಗೊತ್ತಿರಲಿಲ್ಲಮ್ಮಾ" ಎಂದು ಸ್ಟೂಲು ಹತ್ತಿ ಪೋಸ್ಟರು ಕಿತ್ತರು. ಡಬ್ಬಿಗಳನ್ನೆಲ್ಲ ಚೀಲಕ್ಕೆ ತುಂಬಿ ಬಾಯಿ ಕಟ್ಟಿದರು. ಬಸಮ್ಮ ಕೈ ಚಾಚಿ, "ಅದು ನನ್ನ ಮುಖ, ನನಗೇ ಕೊಡ್ರಿ" ಎಂದು ಪೋಸ್ಟರು ಇಸಕೊಂಡರು.

ಒಂದು ಅಂಗಡಿಯಿಂದ ಹೋಯಿತು, ಅಷ್ಟೇ. ಬೇರೆ ಊರುಗಳಲ್ಲಿ ಎಷ್ಟು ಗೋಡೆಗಳ ಮೇಲಿದೆಯೋ ಗೊತ್ತಿಲ್ಲ. ಆತನಿಗೆ ಏನೂ ಆಗಲಿಲ್ಲ. ನನಗೆ ಆ ಸೊಪ್ಪಿನ ಮೇಲೆ ಸಿಟ್ಟಿಲ್ಲ. ಅದರಲ್ಲಿ ಗುಣ ಇರಲೂಬಹುದು. ಆದರೆ ಏರಿದವರನ್ನು ಅಳಿಸಿ ಮಿಕ್ಕವರನ್ನಷ್ಟೇ ಉಳಿಸಿಕೊಳ್ಳುವುದಕ್ಕೆ ಪರೀಕ್ಷೆ ಎಂದು ಹೆಸರಿಡುವವರನ್ನು ನೆನೆದರೆ ಇವತ್ತಿಗೂ ನನ್ನ ರಕ್ತ ಕುದಿಯುತ್ತದೆ. ಆ ದಿನ ಒಂದೇ ಪ್ರಶ್ನೆ ಕೇಳಿ ಸುಮ್ಮನಾದ ನನ್ನ ಮೇಲೂ ಸಿಟ್ಟು ಬರುತ್ತದೆ.

ಬಸಮ್ಮ ಈಗಲೂ ತಿಂಗಳಿಗೊಮ್ಮೆ ಬರುತ್ತಾರೆ. ಮಾತಾಡಿಸುತ್ತಾರೆ, ನಗುತ್ತಾರೆ. ನಾನು ಎಷ್ಟಿದೆ ಎಂದು ಹೇಳಿದ ಮೇಲೆ ಚೀಟಿ ಇಸಕೊಂಡು, ಬೆಂಚಿನ ಮೇಲೆ ಕೂತ ಬೇರೆ ಯಾರಿಂದಲೋ ಇನ್ನೊಮ್ಮೆ ಓದಿಸಿಕೊಳ್ಳುತ್ತಾರೆ. ಹಾಗೆ ಮಾಡಬೇಡಿ ಎಂದು ನಾನು ಯಾವತ್ತೂ ಹೇಳಿಲ್ಲ.