ಕಡುಗೆಂಪು ಅಂಗಿಯ ಹನ್ನೊಂದು ಮಂದಿ

ಹುದುಗು ಬಂದ ಹಿಟ್ಟಿನ ವಾಸನೆಗೆ ಊದುಬತ್ತಿಯ ಹೊಗೆ ಬೆರೆತರೆ ಹೇಗಿರುತ್ತದೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ನನಗೆ ಅದು ಬಾಲ್ಯದ ವಾಸನೆ. ಭಾನುವಾರ ಅಮೆರಿಕದ ನ್ಯೂಕ್ಯಾಸಲ್‌ನ ನನ್ನ ಅಡುಗೆಮನೆಯಲ್ಲಿ ಪಿಜ್ಜಾ ಹಿಟ್ಟು ಉಬ್ಬಲು ಇಟ್ಟು, ದೇವರ ಮುಂದೆ ಕಡ್ಡಿ ಹಚ್ಚಿದೆನೆಂದರೆ ಸಾಕು, ರೆಂಟನ್‌ನ ಆ ಅಂಗಡಿ ಕಣ್ಣಮುಂದೆ ಬಂದು ನಿಲ್ಲುತ್ತದೆ. ಈಗ ಅಲ್ಲಿ ಐದು ಮಹಡಿಯ ಅಪಾರ್ಟ್‌ಮೆಂಟ್ ಇದೆ. ರೆಡ್ಮಂಡ್‌ಗೆ ಕೆಲಸಕ್ಕೆ ಹೋಗುವ ನನ್ನ ದಾರಿಯಲ್ಲಿ ಅದು ಸಿಗುವುದಿಲ್ಲ. ಸಿಗದಿರುವುದೇ ಒಳ್ಳೆಯದು.

ನರ್ಸ್ ಆಗಿದ್ದ ಚಿಕ್ಕಮ್ಮ ಅರ್ಜಿ ಹಾಕಿ ನಮ್ಮನ್ನು ಮಂಗಳೂರಿನಿಂದ ಕರೆಸಿಕೊಂಡಾಗ ನನಗೆ ಒಂಬತ್ತು ವರ್ಷ. ಅಪ್ಪ ಅಲ್ಲಿ ಹೋಟೆಲಿನ ಅಡುಗೆಯವರು, ಓದಿದ್ದು ಐದನೇ ಕ್ಲಾಸು. ಇಲ್ಲಿ ಇಟಲಿಯ ಮುದುಕರೊಬ್ಬರ ಪಿಜ್ಜಾ ಅಂಗಡಿಯಲ್ಲಿ ಹಿಟ್ಟು ನಾದುವ ಕೆಲಸ ಸಿಕ್ಕಿತು. ಅಪ್ಪ ಅವರನ್ನು ಊರಿನ ಅಭ್ಯಾಸದಂತೆ ಧಣಿ ಎನ್ನುತ್ತಿದ್ದರು. ಅವರಿಗೂ ಅದು ರೂಢಿಯಾಯಿತು. ಅಂಗಡಿಯ ಮೇಲಿನ ಎರಡು ಕೋಣೆಯೇ ನಮ್ಮ ಮನೆ. ಅದಕ್ಕೆ ಕರಾರು ಪತ್ರವಿರಲಿಲ್ಲ. ಧಣಿ ಇರಿ ಎಂದಿದ್ದರು, ನಾವು ಇದ್ದೆವು. ಮನೆಗೆ ಬರುವ ಇಂಗ್ಲಿಷ್ ಕಾಗದಗಳನ್ನೆಲ್ಲ ಓದಿ ಹೇಳುವವಳು ನಾನು. ಅಪ್ಪ ಯಾರು ಏನು ಮುಂದಿಟ್ಟರೂ ಸಹಿ ಹಾಕುವವರು, ಅಮ್ಮ ಹೆದರಿ ಅಳುವವರು. ಹಾಗಾಗಿ ಸಂಶಯಪಡುವ ಕೆಲಸ ನನ್ನ ಪಾಲಿಗೆ ಬಂತು. ಹತ್ತು ವರ್ಷಕ್ಕೇ ಅದರಲ್ಲಿ ನಾನು ಪಳಗಿದ್ದೆ. ನಮ್ಮ ಕುಟುಂಬದಲ್ಲಿ ಕಾಲೇಜು ಮುಗಿಸಿದವರಲ್ಲಿ ನಾನೇ ಮೊದಲನೆಯವಳು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ನನ್ನ ಓದಿನ ಮೊದಲ ಪ್ರಯೋಗ ಯಾರ ಮೇಲೆ ನಡೆಯಿತೆಂಬುದನ್ನು ಈವರೆಗೆ ಹೊರಗಿನ ಯಾರಿಗೂ ಹೇಳಿಲ್ಲ.

ಅಂಗಡಿಯ ಒಲೆಯ ಪಕ್ಕದ ಗೋಡೆಯಲ್ಲಿ ಒಂದು ಹಳೆಯ ಪಟವಿತ್ತು. ಕಡುಗೆಂಪು ಅಂಗಿ ತೊಟ್ಟ ಹನ್ನೊಂದು ಮಂದಿ ಫುಟ್‌ಬಾಲ್ ಆಟಗಾರರು. ಧಣಿಯ ಊರಿನ ತಂಡ. ಅವರನ್ನು ಸೋಲಿಸುವವರೇ ಇರಲಿಲ್ಲವಂತೆ. ಹೊರಗೆಲ್ಲೋ ಆಡಿ ಹಿಂದಿರುಗುವಾಗ ಮಂಜು ಕವಿದು, ವಿಮಾನ ಗುಡ್ಡದ ಮೇಲಿನ ಇಗರ್ಜಿಯ ಗೋಡೆಗೆ ಬಡಿದು ಎಲ್ಲರೂ ಒಟ್ಟಿಗೇ ಸತ್ತರು. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಧಣಿ ಪಟದ ಮುಂದೆ ನಿಂತು, ಗೋಲ್‌ಕೀಪರನಿಂದ ಶುರುಮಾಡಿ ಹನ್ನೊಂದು ಹೆಸರನ್ನೂ ಒಂದೇ ಉಸಿರಿಗೆ ಜಪದಂತೆ ಹೇಳುತ್ತಿದ್ದರು. ಆಟ ಕಳೆಗುಂದಿದಾಗ ಜನರ ನಡುವಿನಿಂದ ಒಬ್ಬ ಕಹಳೆ ಊದುತ್ತಿದ್ದನಂತೆ. ಆಗ ನಾಯಕ ಅಂಗಿಯ ತೋಳು ಮೇಲೆ ಮಡಚುತ್ತಿದ್ದನಂತೆ. ಆಮೇಲೆ ಗೋಲಿನ ಮೇಲೆ ಗೋಲು. ಸಂಜೆ ಗಿರಾಕಿಗಳು ನುಗ್ಗಿದಾಗ ಧಣಿ ಮುಷ್ಟಿಯನ್ನು ಬಾಯಿಗಿಟ್ಟು ಕಹಳೆ ಊದುತ್ತಿದ್ದರು. ಅಪ್ಪ ತೋಳು ಮಡಚಿ ಹಿಟ್ಟಿನ ಮೇಲೆ ಬೀಳುತ್ತಿದ್ದರು. ಆ ಸದ್ದು ಮೇಲೆ ನಮ್ಮ ಮನೆಗೂ ಕೇಳುತ್ತಿತ್ತು. ಅಮ್ಮ ನಗುತ್ತಿದ್ದರು.

ಪಟದಲ್ಲಿರುವವರು ಯಾರೆಂದು ಅಪ್ಪ ಕೇಳಿದಾಗ ಧಣಿ ಅಣ್ಣಂದಿರು ಎಂದಿದ್ದರಂತೆ. ಅಪ್ಪ ಅಂದಿನಿಂದಲೇ ಅದಕ್ಕೆ ಹೂವು ಹಾಕಿ ಊದುಬತ್ತಿ ಹಚ್ಚತೊಡಗಿದರು. ಆಟಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ನಮ್ಮ ಕಡೆ ತೀರಿಹೋದವರಿಗೆ ಎಲೆ ಹಾಕಿ ಬಡಿಸುತ್ತಾರಲ್ಲ, ಹಾಗೆ ಅಂಗಡಿಗೆ ರಜೆಯಿದ್ದ ಸೋಮವಾರ ಹನ್ನೊಂದು ಎಲೆ ಹಾಕಿದರು. ಫ್ರೀಜರಿನ ಬಾಳೆಲೆ, ಕೋಳಿ ಸಾರು, ರೊಟ್ಟಿ, ಮೇಲೊಂದು ಪಿಜ್ಜಾ ತುಂಡು. ಬಾಗಿಲೆಳೆದು ಅಪ್ಪ, ಧಣಿ ಇಬ್ಬರೂ ಹೊರಗೆ ಬಿಸಿಲಲ್ಲಿ ಕಾದು ನಿಂತರು, ಅವರು ಉಣ್ಣಲೆಂದು. ಒಳಗೆ ಹೋಗುವ ಮೊದಲು ಅಪ್ಪ ಬಾಗಿಲು ತಟ್ಟಿದರೆ ಧಣಿಯೂ ತಟ್ಟಿದರು. ನಾಲ್ಕು ವರ್ಷ ಹೀಗೆ ನಡೆಯಿತು.

ನನಗೆ ಮಾತ್ರ ಆ ಅಣ್ಣಂದಿರ ಮಾತು ಗಂಟಲಲ್ಲಿ ಇಳಿಯಲಿಲ್ಲ. ಯಾವ ಇಬ್ಬರ ಮುಖವೂ ಒಂದರಂತೆ ಒಂದಿಲ್ಲ. ಸತ್ತವರ ವಿಷಯದಲ್ಲೇ ಸುಳ್ಳು ಹೇಳುವವರು ನಾಳೆ ಮನೆ ಖಾಲಿ ಮಾಡಿ ಅಂದರೆ? ನಮ್ಮ ಹತ್ತಿರ ಇರುವುದು ಅವರ ಬಾಯಿಮಾತು ಮಾತ್ರ. ಹದಿಮೂರನೆಯ ವಯಸ್ಸಿನಲ್ಲಿ ಲೈಬ್ರರಿಯ ಕಂಪ್ಯೂಟರಿನಲ್ಲಿ ಹುಡುಕಿದೆ. ಹನ್ನೊಂದು ಮಂದಿ, ಹನ್ನೊಂದು ಮನೆಹೆಸರು. ಧಣಿಯ ಮನೆಹೆಸರು ಅದರಲ್ಲಿ ಇಲ್ಲ. ಅವರು ಸತ್ತಾಗ ಧಣಿಗೆ ನಾಲ್ಕು ವರ್ಷ. ಆ ಹಾಳೆಯನ್ನು ಪ್ರಿಂಟ್ ಮಾಡಿ ತಂದು, ಅಪ್ಪ ಹಿಟ್ಟು ನಾದುತ್ತಿದ್ದ ಹೊತ್ತಿನಲ್ಲೇ ಧಣಿಯ ಮುಂದಿಟ್ಟೆ. ಇವರಲ್ಲಿ ನಿಮ್ಮ ಅಣ್ಣ ಯಾರು, ತೋರಿಸಿ ಎಂದೆ.

ಅವರು ಕನ್ನಡಕ ಹಾಕಿ ನಿಧಾನವಾಗಿ ಓದಿದರು. ಹಾಳೆಯನ್ನು ನಾಲ್ಕಾಗಿ ಮಡಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡರು. ಅಪ್ಪ ಹಿಟ್ಟಿನ ಕೈಯಲ್ಲೇ ನನ್ನ ಕಡೆ ತಿರುಗಿದರು.

"ನಿನ್ನತ್ರ ಯಾರು ಕೇಳಿದ್ದು?"

ಅಷ್ಟೇ. ಮರುದಿನ ಗೋಡೆಯಲ್ಲಿ ಪಟವಿರಲಿಲ್ಲ. ವಾರ ಕಳೆದು ಧಣಿ ಮೆಟ್ಟಿಲು ಹತ್ತಿ ಬಂದು ಒಂದು ಲಕೋಟೆಯನ್ನು ನನ್ನ ಕೈಗೇ ಕೊಟ್ಟರು. ಮನೆಯ ಕರಾರು ಪತ್ರ, ಟೈಪ್ ಮಾಡಿ ಸಹಿ ಹಾಕಿದ್ದು. ಪ್ರತಿ ಸಾಲನ್ನೂ ಓದಿ ನೋಡು ಎಂದರು, ಅದರಲ್ಲಿ ಕೋಪವಿರಲಿಲ್ಲ. ನಾನು ಓದಿದೆ. ಒಂದು ತಪ್ಪೂ ಇರಲಿಲ್ಲ. ಆಮೇಲೆ ಅಪ್ಪ ಎಷ್ಟೋ ವರ್ಷ ಅಲ್ಲೇ ಕೆಲಸ ಮಾಡಿದರು, ಧಣಿ ಹಬ್ಬಕ್ಕೆ ಸಿಹಿ ಕಳಿಸುವುದನ್ನು ನಿಲ್ಲಿಸಲಿಲ್ಲ. ಆದರೆ ಕಹಳೆ ಮತ್ತೆ ಕೇಳಲಿಲ್ಲ. ಆಟಿಯಲ್ಲಿ ಎಲೆಯೂ ಬೀಳಲಿಲ್ಲ.

ಡಿಗ್ರಿ ಸಿಕ್ಕಿದ ದಿನ, ಕಾರಿನಲ್ಲಿ ಅಪ್ಪನಿಗೆ ಹೇಳಿದೆ, ನಿಮಗೆ ಅವರು ಮೋಸ ಮಾಡಬಾರದೆಂದು ಹಾಗೆ ಮಾಡಿದ್ದೆ ಎಂದು. ಅಪ್ಪ ಕಿಟಕಿಯಾಚೆ ನೋಡುತ್ತಲೇ ಹೇಳಿದರು.

"ಎಂತ ಮಾರಾಯ್ತಿ, ಹನ್ನೊಂದು ಮಂದಿ ಒಂದೇ ಪ್ರಾಯದವರು ಒಬ್ಬ ತಾಯಿಗೆ ಹುಟ್ಟುವುದುಂಟಾ? ನಾನು ಐದನೇ ಕ್ಲಾಸಾದ್ರೂ ಅಷ್ಟು ಗೊತ್ತಾಗ್ತದೆ." ಮತ್ತೆ ಹೇಳಿದರು: "ಧಣಿಯನ್ನು ಅವರ ಅಪ್ಪ ಹೆಗಲಲ್ಲಿ ಕೂರಿಸಿಕೊಂಡು ಆ ಹನ್ನೊಂದು ಮಂದಿಯ ಹೆಣದ ಮೆರವಣಿಗೆ ತೋರಿಸಿದ್ರಂತೆ. ಅದೇ ವರ್ಷ ಅಪ್ಪನೂ ಹೋದ್ರು. ಒಂದು ಪಟ ಇಲ್ಲ ಅವರದ್ದು. ಮತ್ತೆ ಹೂ ಎಲ್ಲಿಗೆ ಹಾಕುವುದು, ನೀನೇ ಹೇಳು."

ಧಣಿ ತೀರಿಕೊಂಡ ಮೇಲೆ ಅವರ ತಂಗಿಯ ಮಗಳು ಆ ಪಟವನ್ನು ಬಟ್ಟೆಯಲ್ಲಿ ಸುತ್ತಿ ತಂದು ಅಪ್ಪನಿಗೆ ಕೊಟ್ಟಳು. ಅಪ್ಪ ಅದನ್ನು ಬಿಚ್ಚಲೇ ಇಲ್ಲ. ಅವರೂ ಹೋಗಿ ಈಗ ಎರಡು ವರ್ಷ. ಕಳೆದ ತಿಂಗಳು ಗಾಜು ಒರೆಸಲೆಂದು ಹಿಂದಿನ ಹಲಗೆ ತೆಗೆದರೆ, ನಾಲ್ಕಾಗಿ ಮಡಚಿದ ನನ್ನದೇ ಹಾಳೆ. ಕೋಪಕ್ಕೆ ಇಟ್ಟುಕೊಂಡಿದ್ದರೇನೋ ಎಂದು ಹಳೆಯ ಚಾಳಿಯಂತೆ ಮೊದಲು ಸಂಶಯವೇ ಬಂತು. ಬಿಡಿಸಿ ನೋಡಿದೆ. ಹನ್ನೊಂದು ಹೆಸರುಗಳ ಕೆಳಗೆ ಪೆನ್ಸಿಲಿನಲ್ಲಿ ಹನ್ನೆರಡನೆಯದೊಂದು. ಅಂಗಡಿಯ ಬೋರ್ಡಿನಲ್ಲಿದ್ದ ಧಣಿಯ ಮನೆಹೆಸರು, ಅದರ ಜೊತೆ ನಾನು ಕೇಳಿರದ ಒಂದು ಹೆಸರು. ಅವರ ಅಪ್ಪನದೇ ಇರಬೇಕು.

ಪಟವನ್ನು ಅಡುಗೆಮನೆಯಲ್ಲಿ ತೂಗುಹಾಕಿ ಹೂವು ಸಿಕ್ಕಿಸಿದೆ. ಮಗಳು ಬಂದು ನಿಂತಳು. "ಹು ಆರ್ ದೀಸ್ ಪೀಪಲ್, ಅಮ್ಮ?"

"ಅಜ್ಜನ ಕಡೆಯವರು," ಎಂದೆ.

"ಆಲ್ ಆಫ್ ದೆಮ್?" ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಆಮೇಲೆ ಬೆರಳಿಟ್ಟು ಒಂದೊಂದೇ ಮುಖ ಎಣಿಸತೊಡಗಿದಳು. ನಾನು ತಡೆಯಲಿಲ್ಲ. ಹಿಟ್ಟು ಬಟ್ಟಲಿನಿಂದ ಮೇಲೆ ಬಂದಿತ್ತು. ಅಂಗಿಯ ತೋಳು ಮಡಚಿ ನಿಂತೆ. ಕಹಳೆ ಊದುವವರು ಯಾರೂ ಇರಲಿಲ್ಲ.