ಕೇಳದೆ ಬಿಟ್ಟ ಪ್ರಶ್ನೆ

ನಮ್ಮ ಅತ್ತೆಯವರ ದಿನ ಒಂದು ಪ್ರಶ್ನೆಯಿಂದ ಶುರುವಾಗುತ್ತಿತ್ತು. ಸ್ನಾನ ಮುಗಿಸಿ, ಹಸಿಗೂದಲಿಗೆ ಗಂಟು ಹಾಕಿಕೊಂಡು, ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, “ಇವತ್ತ ಯಾವ ತಿಥಿ ಅದನಮ್ಮಾ?” ಎಂದು ನನ್ನನ್ನು ಕೇಳುವರು. ಪಂಚಾಂಗ ನೋಡಿ ನಾನು ಏಕಾದಶಿ ಎಂದೆನೋ, ಆ ಮನೆಯ ಮಿಕ್ಕ ಪ್ರಶ್ನೆಗಳೆಲ್ಲ ಹುಟ್ಟುವ ಮೊದಲೇ ಅಡಗಿಬಿಡುತ್ತಿದ್ದವು. ಅಕ್ಕಿ ಇದೆಯೇ, ಬೇಳೆ ಸಾಕೇ, ಬದನೆಕಾಯಿ ಬಂದಿದೆಯೇ ಎಂದು ಆ ದಿನ ಯಾರೂ ಡಬ್ಬಿಯ ಮುಚ್ಚಳ ತೆಗೆಯರು. ಅಡುಗೆಯೇ ಇಲ್ಲವೆಂದ ಮೇಲೆ ಅಕ್ಕಿಯ ವಿಚಾರಣೆ ಯಾರಿಗೆ ಬೇಕು? ಒಂದು ‘ಇಲ್ಲ’ ಎಷ್ಟೊಂದು ಕೆಲಸ ಉಳಿಸುತ್ತದೆ ಎಂಬುದನ್ನು, ಮಿತ್ರರೇ, ನಾನು ಪುಸ್ತಕದಲ್ಲಿ ಓದಿ ತಿಳಿದದ್ದಕ್ಕಿಂತ ಹೊಸಪೇಟೆಯ ಆ ಅಡುಗೆಮನೆಯಲ್ಲಿ ನೋಡಿ ತಿಳಿದದ್ದೇ ಹೆಚ್ಚು.

ಪುಸ್ತಕದ ಮಾತೆತ್ತಲು ಕಾರಣವಿದೆ. ಆಗ ನಾನು ಊರಾಚೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದೆ. ಗಣಿಗಳು ಉಬ್ಬರದಲ್ಲಿದ್ದ ಕಾಲ ಅದು. ಸಂಡೂರಿನ ಗುಡ್ಡಗಳು ಲಾರಿಯೇರಿ ಹಗಲಿಡೀ ನಮ್ಮ ಕಿಟಕಿಯ ಮುಂದೆ ಹಾದುಹೋಗುತ್ತಿದ್ದವು. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಮೇಜಿನ ಮೇಲೆ ಕುಂಕುಮದಂಥ ಕೆಂಧೂಳು. ಆ ಧೂಳಿನ ನಡುವೆ ನಾನು ಕಲಿಸುತ್ತಿದ್ದದ್ದು ಕಂಪೈಲರ್ ಎಂಬ ಸೂಕ್ಷ್ಮವಾದ ವಿದ್ಯೆ. ನಾವು ನಮಗೆ ಅರ್ಥವಾಗುವ ಮಾತಿನಲ್ಲಿ ಬರೆದ ಕ್ರಮವಿಧಿಯನ್ನು, ಅಂದರೆ ಪ್ರೋಗ್ರಾಮನ್ನು, ಯಂತ್ರಕ್ಕೆ ಅರ್ಥವಾಗುವ ಪುಟ್ಟ ಪುಟ್ಟ ಆಜ್ಞೆಗಳಾಗಿ ಬಿಡಿಸಿಕೊಡುವ ದುಭಾಷಿಯೇ ಕಂಪೈಲರ್. ಒಳ್ಳೆಯ ದುಭಾಷಿ ಮಾತು ಬೆಳೆಸುವುದಿಲ್ಲ. ಆದರೆ ಮಾತು ಕಡಿಮೆ ಮಾಡುವ ಹುರುಪಿನಲ್ಲಿ ಅರ್ಥವನ್ನು ಕಡಿಮೆ ಮಾಡಿದರೆ ಏನಾಗುತ್ತದೆಂಬುದೇ ನಾನು ಹೇಳಹೊರಟಿರುವ ಕಥೆ.

ಕೊನೆಯ ವರ್ಷದ ತರಗತಿಯಲ್ಲಿ ನಾಗವೇಣಿ ಎಂಬ ಹುಡುಗಿ ಇದ್ದಳು. ಹತ್ತಿರದ ಪಾಪಿನಾಯಕನಹಳ್ಳಿಯವಳು, ದಿನವೂ ಬಸ್ಸಿನಲ್ಲಿ ಬಂದುಹೋಗುವಳು. ಮಾತು ಕಡಿಮೆ, ಕೇಳುವ ಕಿವಿ ದೊಡ್ಡದು. ಆ ವರ್ಷ ಅವಳ ತಂಗಿ ಶಾಲೆಗೆ ಹೋಗಲು ಹೆದ್ದಾರಿ ದಾಟುವಾಗ, ಧೂಳಿನ ಮರೆಯಿಂದ ನುಗ್ಗಿದ ಲಾರಿಯೊಂದನ್ನು ಕಂಡು ಹಿಂದಕ್ಕೆ ಜಿಗಿದು ಬಿದ್ದು ಮುಂಗೈ ಮುರಿದುಕೊಂಡಿದ್ದಳು. ಕೈ ಕೂಡಿಕೊಂಡಿತು. ಆದರೆ ಹುಡುಗಿ ರಸ್ತೆಯಂಚಿಗೆ ಬಂದರೆ ಸಾಕು, ಕಾಲು ಕಿತ್ತಿಡಲಾರದೆ ಅಳುತ್ತಾಳೆ, ಶಾಲೆ ಬಿಡಿಸುವ ಮಾತು ಮನೆಯಲ್ಲಿ ನಡೆದಿದೆ ಎಂದು ನಾಗವೇಣಿ ಒಂದು ದಿನ ನನಗೆ ಹೇಳಿದಳು. ಅದನ್ನು ಹೇಳಿ ಸುಮ್ಮನಾಗಲಿಲ್ಲ.

“ಮೇಡಂ, ನನ್ನ ಪ್ರಾಜೆಕ್ಟ್ ಒಂದು ಸಣ್ಣ ಕಂಪೈಲರ್ ಬರಿಯೂದು ಅಂತ ಠರಾವ್ ಆಗೇತಲ್ರಿ. ಆ ಕಂಪೈಲರ್ ಬರೇ ಪರೀಕ್ಷೆಗೆ ಆಗಬಾರ್ದು. ಅದ್ರಾಗ ಬರದ ಪ್ರೋಗ್ರಾಂ ನಮ್ಮೂರ ರಸ್ತಿ ಮ್ಯಾಲ ಒಂದು ಗಂಟಿ ಬಾರಿಸ್ಬೇಕು.”

ಯೋಜನೆ ಸರಳವಾಗಿತ್ತು. ಶಾಲೆಯ ಎರಡೂ ಬದಿಗೆ, ಸ್ವಲ್ಪ ದೂರದಲ್ಲಿ, ಶಾಲೆಯತ್ತ ಬರುವ ಅರ್ಧ ರಸ್ತೆಗೆ ಮಾತ್ರ ಅಡ್ಡಲಾಗಿ ಒಂದೊಂದು ದಪ್ಪ ರಬ್ಬರ್ ಕೊಳವೆ. ಲಾರಿಯ ಗಾಲಿ ಅದನ್ನು ಒತ್ತಿದರೆ ಒಳಗಿನ ಗಾಳಿ ತುದಿಯ ಸ್ವಿಚ್ಚನ್ನು ನೂಕುತ್ತದೆ. ಯಂತ್ರದಲ್ಲಿ ‘ಬಂತು’ ಎಂಬ ಗುರುತು ಬೀಳುತ್ತದೆ. ಕೂಡಲೇ ಶಾಲೆಯೆದುರಿನ ಕಂಬದ ಮೇಲೆ ಕೆಂಪು ದೀಪ ಹತ್ತಿ, ಲಾರಿ ದಾಟಿಹೋಗುವಷ್ಟು ಹೊತ್ತು ಗಂಟೆ ಬಾರಿಸುತ್ತದೆ. ಧೂಳಿನಲ್ಲಿ ಕಣ್ಣು ಸೋತರೂ ಕಿವಿ ಸೋಲದು. ಎಲೆಕ್ಟ್ರಾನಿಕ್ಸ್ ವಿಭಾಗದ ಸಲೀಂ ಎಂಬ ಸಹಪಾಠಿ ಪೆಟ್ಟಿಗೆ, ತಂತಿ, ಸ್ವಿಚ್ಚುಗಳ ಹೊಣೆ ಹೊತ್ತ. ಶಾಲೆಯ ಹೆಡ್ ಮಾಸ್ತರರು, ಹಿಂದೆ ನಾಗವೇಣಿಗೂ ಅಕ್ಷರ ಕಲಿಸಿದವರು, ಪಂಚಾಯಿತಿಯವರ ಒಪ್ಪಿಗೆ ತಂದರು.

ತೊಡಕು ಎದ್ದದ್ದು ಪ್ರಯೋಗಾಲಯದಲ್ಲಿ. ಸಲೀಂ ಆರಿಸಿದ್ದ ಚಿಪ್ಪು, ಅಂದರೆ ಪ್ರೋಗ್ರಾಮನ್ನು ನೆನಪಿಟ್ಟುಕೊಂಡು ನಡೆಸುವ ಪುಟ್ಟ ಯಂತ್ರ, ಅಂಗೈಯ ಮೇಲಿಟ್ಟರೆ ಜೀರುಂಡೆಯಷ್ಟಿತ್ತು, ಅದರ ನೆನಪಿನ ಜಾಗವೂ ಜೀರುಂಡೆಯಷ್ಟೇ. ನಾಗವೇಣಿಯ ಕಂಪೈಲರ್ ಹೊರಹಾಕಿದ ಆಜ್ಞೆಗಳು ಅದರಲ್ಲಿ ತುಂಬದೆ ಉಕ್ಕಿದವು.

“ಹಿಡಿಸವಲ್ದು ಮೇಡಂ,” ಎಂದಳು.

“ದೊಡ್ಡ ಚಿಪ್ಪು ತರಿಸೋಣೇನು?” ಎಂದ ಸಲೀಂ.

“ಬ್ಯಾಡ. ಚಿಪ್ಪು ಸಣ್ಣದಲ್ಲ, ನನ್ನ ಕಂಪೈಲರ್ ಮಾತು ಭಾಳ ಆಗೇತಿ.”

ಮೂವರೂ ಕುಳಿತು ಆ ಆಜ್ಞೆಗಳನ್ನು ಒಂದೊಂದಾಗಿ ಓದಿದೆವು. ಪ್ರೋಗ್ರಾಮಿನ ತುಂಬ ‘ಇದು ಅಥವಾ ಅದು ಆದರೆ’, ‘ಇದು ಮತ್ತು ಅದು ಆದರೆ’ ಎಂಬ ಷರತ್ತುಗಳಿದ್ದವು. ಅಂಥ ಪ್ರತಿಯೊಂದು ಷರತ್ತಿಗೂ ಅವಳ ಕಂಪೈಲರ್ ಅತಿ ವಿಧೇಯ ಗುಮಾಸ್ತನಂತೆ ವರ್ತಿಸುತ್ತಿತ್ತು: ಮೊದಲನೆಯದನ್ನು ಪರೀಕ್ಷಿಸಿ, ನಿಜವಾದರೆ ಒಂದು, ಸುಳ್ಳಾದರೆ ಸೊನ್ನೆ ಎಂದು ಒಂದು ಕಡೆ ಇಡುವುದು; ಎರಡನೆಯದಕ್ಕೂ ಹಾಗೆಯೇ; ಆಮೇಲೆ ಎರಡನ್ನೂ ಕೂಡಿಸಿ ಮತ್ತೊಂದು ಕಡೆ ಇಡುವುದು; ಕೊನೆಗೆ ತಾನೇ ಇಟ್ಟದ್ದನ್ನು ತಾನೇ ತೆಗೆದು, ಇದು ಸೊನ್ನೆಯೋ ಅಲ್ಲವೋ ಎಂದು ನೋಡಿ, ಆಗ ದಾರಿ ಹಿಡಿಯುವುದು. ಬಾಗಿಲಲ್ಲೇ ‘ಮನೆಯಲ್ಲಿಲ್ಲ’ ಎಂಬ ಉತ್ತರ ಕೇಳಿಸಿಕೊಂಡವನು ಅಲ್ಲಿಂದಲೇ ಹಿಂದಿರುಗದೆ, ಆ ಉತ್ತರವನ್ನು ಚೀಟಿಯಲ್ಲಿ ಬರೆದು, ಜೇಬಿಗಿಟ್ಟು, ಮತ್ತೆ ತೆಗೆದು ಓದಿಕೊಂಡು ಹಿಂದಿರುಗಿದ ಹಾಗೆ.

ನಾನು ಏಕಾದಶಿಯ ಕಥೆ ಹೇಳಿದೆ. ಸಲೀಂ ನಕ್ಕ, ನಾಗವೇಣಿ ನಗಲಿಲ್ಲ, ಹಾಳೆಯ ಮೇಲೆ ಬಾಣಗಳನ್ನು ಬರೆಯತೊಡಗಿದಳು. ಷರತ್ತಿನ ಬೆಲೆ ಎಷ್ಟು ಎಂದು ಯಂತ್ರ ಲೆಕ್ಕ ಹಾಕಬೇಕಾಗಿಯೇ ಇಲ್ಲ; ನಿಜವಾದರೆ ಎಲ್ಲಿಗೆ, ಸುಳ್ಳಾದರೆ ಎಲ್ಲಿಗೆ ಎಂಬ ಎರಡು ದಾರಿ ತಿಳಿದಿದ್ದರೆ ಸಾಕು. ‘ಮತ್ತು’ ಎಂಬಲ್ಲಿ ಮೊದಲನೆಯದೇ ಸುಳ್ಳಾಯಿತೋ, ಎರಡನೆಯದನ್ನು ಕೇಳದೆ ಸುಳ್ಳಿನ ದಾರಿಗೆ ಜಿಗಿ. ‘ಅಥವಾ’ ಎಂಬಲ್ಲಿ ಮೊದಲನೆಯದೇ ನಿಜವಾಯಿತೋ, ನಿಜದ ದಾರಿಗೆ ಜಿಗಿ. ಯಾವ ದಾರಿ ಮುಂದಿನ ಸಾಲಿನಲ್ಲೇ ಇದೆಯೋ ಅದಕ್ಕೆ ಜಿಗಿಯುವ ಆಜ್ಞೆಯೂ ಬೇಡ, ನಡೆದುಕೊಂಡೇ ಹೋಗಬಹುದು. ಇನ್ನು ‘ಅಲ್ಲ’ ಎಂಬ ನಿಷೇಧಕ್ಕಂತೂ ಯಂತ್ರ ಒಂದು ಆಜ್ಞೆಯನ್ನೂ ವ್ಯಯಿಸಬೇಕಿಲ್ಲ; ಎರಡು ದಾರಿಗಳ ಹೆಸರನ್ನು ಅದಲುಬದಲು ಮಾಡಿದರೆ ಮುಗಿಯಿತು. ಈ ಕೊನೆಯದು ಪ್ರತಿ ವರ್ಷ ಪಾಠ ಮಾಡುವಾಗಲೂ ನನ್ನನ್ನು ಒಂದು ಕ್ಷಣ ನಿಲ್ಲಿಸುತ್ತಿತ್ತು. ಬದುಕಿನಲ್ಲಿ ‘ಅಲ್ಲ’ ಎನ್ನಲು ನಾವು ಪಡುವ ಸಂಕಟವೆಷ್ಟು! ಎರಡು ದಾರಿಗಳೂ ಎಲ್ಲಿಗೆ ಹೋಗುತ್ತವೆಂದು ಬಲ್ಲವನಿಗೆ ಅದು ಬರಿಯ ದಿಕ್ಕಿನ ಬದಲಾವಣೆ.

ಅವಳಿಗೆ ಇನ್ನೊಂದು ಸಂದೇಹವಿತ್ತು. “ಮೇಡಂ, ಜಿಗಿ ಅಂತ ಬರಿಯೋ ಹೊತ್ತಿಗೆ ಆ ಜಾಗ ಎಲ್ಲಿ ಬರ್ತೈತಿ ಅಂತ ಗೊತ್ತ ಇರಂಗಿಲ್ಲಲ್ರಿ. ಮುಂದಿಂದು ಇನ್ನೂ ಬರದೇ ಇಲ್ಲ.”

“ಖಾಲಿ ಬಿಡು,” ಎಂದೆ. “ಎಲ್ಲೆಲ್ಲಿ ಖಾಲಿ ಬಿಟ್ಟೆ ಅನ್ನೋದು ನೆನಪಿಟ್ಕೋ. ಆ ಜಾಗಕ್ಕೆ ತಲುಪಿದಾಗ ಹಿಂದಕ್ಕೆ ಹೋಗಿ ತುಂಬು.”

ವಿಳಾಸ ತಿಳಿಯದೆಯೂ ಹೊರಡಬಹುದು, ತಿಳಿದ ದಿನ ತುಂಬಿಕೊಳ್ಳಬಹುದು ಎಂಬ ಈ ಉಪಾಯದಲ್ಲಿ ನನಗೆ ಯಾವಾಗಲೂ ಒಂದು ಭರವಸೆಯ ವಾಸನೆ ಬಂದಿದೆ. ನಾಗವೇಣಿಗೆ ಅಂಥ ವಾಸನೆಗಳ ಗೊಡವೆ ಇರಲಿಲ್ಲ. ಅವಳು ಕಂಪೈಲರಿನ ಆ ಭಾಗವನ್ನು ಕಿತ್ತು ಹೊಸದಾಗಿ ಬರೆದಳು. ಪ್ರೋಗ್ರಾಮು ಚಿಪ್ಪಿನೊಳಗೆ ಸಲೀಸಾಗಿ ಕೂತಿತು, ಸ್ವಲ್ಪ ಜಾಗ ಮಿಕ್ಕಿತು ಕೂಡ. ಪ್ರಯೋಗಾಲಯದ ಮೇಜಿನ ಮೇಲೆ ಎಡಗಡೆಯ ಕೊಳವೆ ಒತ್ತಿದರೆ ಗಂಟೆ, ಬಲಗಡೆಯದನ್ನು ಒತ್ತಿದರೆ ಗಂಟೆ. ನಮಗೆಲ್ಲ ಗೆದ್ದ ಸಂತೋಷ.

ಕಂಬ ನೆಟ್ಟಾಯಿತು. ಮೊದಲ ದಿನಗಳಲ್ಲಿ ಊರಿಗೆ ಅದೇ ಮಾತು. ಗಂಟೆ ಬಾರಿಸಿದರೆ ಮಕ್ಕಳು ಸಾಲಾಗಿ ನಿಲ್ಲುವರು, ಲಾರಿ ಹಾಯ್ದು ಗಂಟೆ ನಿಂತರೆ ದಾಟುವರು. ನಾಗವೇಣಿಯ ತಂಗಿ ಅಕ್ಕನ ಸೆರಗು ಹಿಡಿದು ಒಮ್ಮೆ ದಾಟಿದಳು, ಆಮೇಲೆ ಗೆಳತಿಯರ ಕೈ ಹಿಡಿದು. ಆದರೆ ಕೆಲವೇ ದಿನಗಳಲ್ಲಿ ಹೆಡ್ ಮಾಸ್ತರರು ಕಾಲೇಜಿಗೇ ಬಂದರು. ಧೋತರಕ್ಕೆ ಅಂಟಿದ ಕೆಂಪು ಧೂಳನ್ನು ಕೊಡವಿಕೊಂಡು ಕುರ್ಚಿಯ ಅಂಚಿನಲ್ಲಿ ಕುಳಿತರು.

“ನೋಡವ್ವಾ ನಾಗವೇಣಿ, ಗಂಟಿ ಒಮ್ಮೊಮ್ಮೆ ಸುಮ್ಮಸುಮ್ಮನ ಬಾರಸ್ತೈತಿ. ಲಾರಿ ಹೋಗಿರ್ತೈತಿ, ರಸ್ತಿ ಖಾಲಿ ಇರ್ತೈತಿ, ಗಂಟಿ ನಿಂತಂಗಾಗಿ ಮತ್ತ ಸುರು. ನಿನ್ನೆ ದೊಡ್ಡ ಹುಡುಗ್ರು ಗಂಟಿ ಬಾರಸೂವಾಗ ದಾಟಿದ್ರು. ಅವ್ರ ನೋಡಿ ಸಣ್ಣವ್ರೂ ಹೊಂಟ್ರು; ನಾ ಓಡಿ ಹೋಗಿ ತಡದೆ.”

ಅವರು ಮೆಲ್ಲಗೆ ಮುಂದುವರಿಸಿದರು: “ನೀ ಬೇಜಾರ ಮಾಡ್ಕೋಬ್ಯಾಡ. ಆದ್ರ ನಂಬಿಕಿ ಹೋದ ಗಂಟಿಗಿಂತ ಗಂಟಿ ಇಲ್ಲದ್ದ ವಾಸಿ. ಮೊದ್ಲು ಹುಡುಗ್ರು ಹೆದರಿ ಎರಡೂ ಕಡೆ ನೋಡ್ತಿದ್ರು. ಈಗ ಅದೂ ಇಲ್ಲ. ವಾರದಾಗ ಸರಿ ಆಗ್ಲಿಲ್ಲಂದ್ರ ಇಳಿಸಿಬಿಡೂಣು.”

ನಾಗವೇಣಿಯ ಮುಖ ನೋಡಲಾಗುತ್ತಿರಲಿಲ್ಲ. ಸಹಾಯಕ್ಕೆಂದು ಇಟ್ಟದ್ದೇ ಅಪಾಯಕ್ಕೆ ದಾರಿಯಾದರೆ ಯಾರಿಗೆ ತಾನೆ ಎದೆ ಕುಸಿಯದು? ಅವಳು ಕೇಳಿದ್ದು ಒಂದೇ: “ಇವತ್ತ ಮಧ್ಯಾಹ್ನ ಬರ್ತೀವಿ ಸರ್. ಅಲ್ಲೇ ಕುಂತು ನೋಡ್ತೀವಿ.”

ರಸ್ತೆಯಂಚಿನ ಬೇವಿನ ಮರದಡಿ ನಾವು ಮೂವರೂ ಕುಳಿತೆವು. ಸ್ವಿಚ್ಚಿನೊಳಗೆ ಧೂಳು ಹೋಗಿರಬೇಕೆಂದು ಸಲೀಂ ಎರಡನ್ನೂ ಬಿಚ್ಚಿ ಒರೆಸಿದ. ಲಾರಿ ಬಂತು, ಗಂಟೆ ಸರಿಯಾಗಿ ಬಾರಿಸಿ ನಿಂತಿತು. ಇನ್ನೊಂದು ಬಂತು, ಸರಿ. “ಧೂಳ ಇದ್ದದ್ದು,” ಎಂದು ಸಲೀಂ ಏಳುವಷ್ಟರಲ್ಲಿ ಎಡಗಡೆ ಸಂಡೂರಿನಿಂದ ಒಂದು ತುಂಬಿದ ಲಾರಿ, ಬಲಗಡೆಯಿಂದ ಒಂದು ಖಾಲಿ ಲಾರಿ, ಎರಡೂ ಒಂದೇ ಹೊತ್ತಿಗೆ ಕೊಳವೆಗಳನ್ನು ಒತ್ತಿ ಬಂದು ಶಾಲೆಯ ಮುಂದೆ ಒಂದನ್ನೊಂದು ಹಾದುಹೋದವು. ಗಂಟೆ ಬಾರಿಸಿ ನಿಂತಿತು. ನಿಂತದ್ದು ಮತ್ತೆ ಶುರುವಾಯಿತು. ರಸ್ತೆ ಎರಡೂ ಕಡೆ ಬೋಳು.

ನಾಗವೇಣಿ ಎದ್ದು ನಿಂತಳು. “ಎರಡೂ ಕಡೆಯಿಂದ ಒಮ್ಮೆಲೇ ಬಂದಾಗ ಮಾತ್ರ,” ಎಂದಳು. ಮೇಜಿನ ಮೇಲೆ ನಾವು ಒಂದು ಸಲಕ್ಕೆ ಒಂದೇ ಕೊಳವೆ ಒತ್ತಿ ನೋಡಿದ್ದೆವು. ರಸ್ತೆ ಹಾಗೆ ಸರದಿಯಲ್ಲಿ ಬರುವುದಿಲ್ಲ. ಅವಳು ಅಲ್ಲೇ ನೆಲದ ಧೂಳಿನ ಮೇಲೆ ಕಡ್ಡಿಯಿಂದ ಬಾಣ ಬರೆದಳು. ‘ಎಡಗಡೆ ಬಂತೇ ಅಥವಾ ಬಲಗಡೆ ಬಂತೇ’ ಎಂಬುದು ಷರತ್ತು. ಎಡಗಡೆಯದು ನಿಜವಾದ ಮೇಲೆ ಬಲಗಡೆಯದನ್ನು ಕೇಳದೆ ಗಂಟೆಯ ದಾರಿಗೆ ಜಿಗಿ. ನಾವೇ ಹೇಳಿಕೊಟ್ಟ ಜಾಣತನ. ಆದರೆ ಅವಳ ಪ್ರೋಗ್ರಾಮಿನಲ್ಲಿ ‘ಬಂತೇ’ ಎಂದು ಕೇಳುವುದು ಬರಿಯ ಕೇಳಿಕೆಯಾಗಿರಲಿಲ್ಲ. ಕೇಳಿದ ಮೇಲೆ ಆ ಗುರುತನ್ನು ಅಳಿಸುವ ಕೆಲಸವೂ ಅದರೊಳಗೇ ಇತ್ತು, ಮುಂದಿನ ಲಾರಿಗೆ ಹಲಗೆ ಸ್ವಚ್ಛವಾಗಿರಲೆಂದು.

“ಕೇಳ್ಲಿಲ್ಲ, ಅಳಿಸ್ಲಿಲ್ಲ,” ಎಂದಳು ನಾಗವೇಣಿ, ತನಗೆ ತಾನೇ ಹೇಳಿಕೊಂಡಂತೆ. “ಆ ಖಾಲಿ ಲಾರಿ ಗುರುತು ಅಲ್ಲೇ ಉಳೀತು. ಗಂಟಿ ನಿಂತ ಮ್ಯಾಲ ಮತ್ತ ಕೇಳಿದಾಗ, ಹೋದ ಲಾರಿ ಈಗ ಬಂದಂಗ ಕಾಣ್ತು.”

ಹಳೆಯ, ವಾಚಾಳಿ ಕಂಪೈಲರ್ ಎರಡನ್ನೂ ಯಾವಾಗಲೂ ಕೇಳುತ್ತಿತ್ತಾದ್ದರಿಂದ ಅದರಲ್ಲಿ ಈ ದೋಷ ತಲೆ ಎತ್ತುತ್ತಿರಲಿಲ್ಲ. ಬಿಸಿಲು ಇಳಿಯುತ್ತಿದ್ದ ಆ ರಸ್ತೆಯಲ್ಲಿ ನಾನು ಯೋಚಿಸುತ್ತ ಕುಳಿತೆ. ಅಕ್ಕಿಯ ಡಬ್ಬಿ ತೆಗೆಯುವುದು ಅಕ್ಕಿ ಇದೆಯೇ ಎಂದು ತಿಳಿಯಲು ಮಾತ್ರವಲ್ಲ, ತೆಗೆದಾಗ ಹುಳು ಬಿದ್ದದ್ದೂ ಕಾಣುತ್ತದೆ. ಕೆಲವು ಪ್ರಶ್ನೆಗಳು ಉತ್ತರಕ್ಕಾಗಿ ಇರುತ್ತವೆ. ಅವನ್ನು ಬಿಟ್ಟರೆ ಲಾಭ. ಕೆಲವನ್ನು ಕೇಳುವುದೇ ಒಂದು ಕೆಲಸ. ‘ಊಟ ಆಯ್ತಾ?’ ಎಂದು ನೆರೆಯವರನ್ನು ಕೇಳುವಾಗ ನಮಗೆ ಬೇಕಿರುವುದು ಉತ್ತರವೇ? ಉತ್ತರ ಗೊತ್ತಿದೆಯೆಂದು ಕೇಳುವುದನ್ನು ಬಿಟ್ಟ ಮನೆಗಳಲ್ಲಿ ಎಷ್ಟು ಹಳೆಯ ಗುರುತುಗಳು ಅಳಿಯದೆ ಉಳಿದು, ಎಂದೋ ಹೋದ ಸಿಟ್ಟು ಇಂದು ಬಂದಂತೆ ಗಂಟೆ ಬಾರಿಸುತ್ತಿರುತ್ತದೆ!

“ಹಂಗಾದ್ರ ಕಂಪೈಲರ್ ಮತ್ತ ಮೊದಲಿನಂಗ ಮಾಡೂಣೇನು?” ಎಂದು ಸಲೀಂ ಕೇಳಿದ.

“ಮಾಡಿದ್ರ ಚಿಪ್ಪಿನ್ಯಾಗ ಹಿಡ್ಸಂಗಿಲ್ಲ. ಅದೂ ಅಲ್ದ, ಕಂಪೈಲರ್ ತಪ್ಪಲ್ಲ ಅದು. ನೋಡೂದು ಬ್ಯಾರೆ, ತೀರ್ಮಾನ ಮಾಡೂದು ಬ್ಯಾರೆ. ಎರಡನ್ನೂ ಒಂದ ಸಾಲಿನ್ಯಾಗ ತುರುಕಿದ್ದೆ.”

ಮರುದಿನ ಅವಳು ಪ್ರೋಗ್ರಾಮನ್ನು ತಿದ್ದಿದಳು. ಮೊದಲು ಎಡವನ್ನೂ ಬಲವನ್ನೂ ತಪ್ಪದೆ ಕೇಳುವುದು, ಎರಡೂ ಉತ್ತರ ಕೈಗೆ ಬಂದ ಮೇಲೆ ಷರತ್ತನ್ನು ಆದಷ್ಟು ಕಡಿಮೆ ಜಿಗಿತದಲ್ಲಿ ಬಗೆಹರಿಸುವುದು. ಮಿಕ್ಕಿದ್ದ ಜಾಗದಲ್ಲಿ ಆ ಹೆಚ್ಚುವರಿ ಸಾಲುಗಳು ಇಕ್ಕಟ್ಟಾಗಿ ಕೂತವು. ಜೊತೆಗೆ, ಕೇಳಿದರೆ ಏನಾದರೂ ಬದಲಾಗುವಂಥ ಪ್ರಶ್ನೆಯನ್ನು ಯಾರಾದರೂ ‘ಅಥವಾ’ದ ಬೆನ್ನಿಗೆ ಇಟ್ಟರೆ ಎಚ್ಚರಿಸುವ ಗುಣವನ್ನೂ ತನ್ನ ಕಂಪೈಲರಿಗೆ ಕಲಿಸಿದಳು. ಪ್ರಾಜೆಕ್ಟ್ ಪರೀಕ್ಷೆಗೆ ಬಂದಿದ್ದ ಹೊರಗಿನ ಅಧ್ಯಾಪಕರು ಇತರ ಹೊಗಳಿಕೆಗಳೆಲ್ಲ ಮುಗಿದ ಮೇಲೆ ಆ ಎಚ್ಚರಿಕೆಯ ಬಗ್ಗೆಯೇ ಬಹಳ ಹೊತ್ತು ಕೇಳಿದರು, ಅವಳೂ ಎಂದಿಗಿಂತ ಹೆಚ್ಚು ಮಾತಾಡಿದಳು.

ಆದರೆ ನಿಜವಾದ ಪರೀಕ್ಷೆ ಅದಕ್ಕೂ ಮೊದಲೇ ನಡೆದಿತ್ತು. ತಿದ್ದಿದ ಪ್ರೋಗ್ರಾಮಿನ ಚಿಪ್ಪನ್ನು ಕೂರಿಸಿದ ಮರುಬೆಳಗ್ಗೆ ನಾಗವೇಣಿಯ ಜೊತೆ ನಾನೂ ಹೋಗಿ ಶಾಲೆಯ ಬದಿಯಲ್ಲಿ ನಿಂತಿದ್ದೆ. ಮಕ್ಕಳು ರಸ್ತೆಯ ಆಚೆ ಬದಿಯಲ್ಲಿ ಗುಂಪಾಗಿದ್ದರು. ಗಂಟೆಯ ಮೇಲೆ ಯಾರಿಗೂ ಪೂರ್ತಿ ವಿಶ್ವಾಸವಿಲ್ಲ. ಎರಡು ಕಡೆಯಿಂದಲೂ ಲಾರಿಗಳು ಬಂದವು, ಗಂಟೆ ಬಾರಿಸಿತು, ಲಾರಿಗಳು ಹಾದುಹೋದವು, ಗಂಟೆ ನಿಂತಿತು. ಒಬ್ಬ ದೊಡ್ಡ ಹುಡುಗ ಮುಂದಿಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡು ಕಂಬದತ್ತ ಕಿವಿಗೊಟ್ಟ. ಮತ್ತೆ ಬಾರಿಸೀತೆಂದು ಎಲ್ಲರೂ ಕಾದರು. ಬಾರಿಸಲಿಲ್ಲ. ಬೇವಿನ ಮರದಲ್ಲಿ ಕಾಗೆ ಕೂಗಿದ್ದು ಕೇಳಿಸಿತು, ಅಷ್ಟೇ.

“ಎರಡೂ ಕಡೆ ನೋಡ್ರಿ,” ಎಂದರು ಹೆಡ್ ಮಾಸ್ತರರು, ಈಚೆ ಬದಿಯಿಂದ. “ನೋಡಿ ಬರ್ರಿ.”

ಮಕ್ಕಳು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ದಾಟಿದರು. ಮುಂಗೈ ಮುರಿದುಕೊಂಡಿದ್ದ ಹುಡುಗಿ ಯಾರ ಕೈಯನ್ನೂ ಹಿಡಿಯದೆ ನಡುವಿನಲ್ಲಿ ನಡೆದುಬಂದಳು. ಈಚೆ ಬಂದವಳು ಅಕ್ಕನನ್ನು ಮಾತಾಡಿಸಲೂ ನಿಲ್ಲದೆ, ಪ್ರಾರ್ಥನೆಗೆ ತಡವಾಯಿತೆಂದು ಓಡಿದಳು.