ಅಮ್ಮನ ಬಗ್ಗೆ ನಾನು ಹೇಳಿದ ಸಾಕ್ಷಿ

ಹದಿನಾಲ್ಕರ ವಯಸ್ಸಿನಲ್ಲಿ ನನಗಿದ್ದ ಜಂಬ ನೆನೆದರೆ ಈಗಲೂ ಮೈ ಉರಿಯುತ್ತದೆ. ಆಂಡರ್ಸನ್‌ಪೇಟೆ ಕಡೆಯ ನಮ್ಮ ಗಣಿ ಲೈನಿನಲ್ಲಿ, ಕೂಲಿಗಳ ಆ ಸಾಲುಮನೆಗಳಲ್ಲಿ, ಕನ್ನಡ ಓದಲು ಬರುತ್ತಿದ್ದ ಹುಡುಗಿ ನಾನೊಬ್ಬಳೇ. ಪ್ರಾರ್ಥನೆಮನೆಯ ಉಪದೇಶಿಯವರ ಮಾತು ತಮಿಳು. ಸುತ್ತಲ ಹಳ್ಳಿಗಳಿಂದ ಬಂದ ನಮ್ಮ ಹೆಂಗಸರಿಗೆ ಅವರ ಬೋಧನೆ ಅರ್ಧ ತಿಳಿದರೆ ಅರ್ಧ ತಿಳಿಯದು. ಹಾಗಾಗಿ ದೀಕ್ಷಾಸ್ನಾನಕ್ಕೆ ಕಾದಿದ್ದ ಕನ್ನಡದ ಹೆಂಗಸರಿಗೆ ಪಾಠ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಕಟ್ಟಳೆಗಳು, ವಿಶ್ವಾಸಪ್ರಮಾಣ, ಪ್ರಾರ್ಥನೆ, ಎಲ್ಲ ಬಾಯಿಪಾಠ ಆಗಬೇಕು. ವರ್ಷಕ್ಕೊಮ್ಮೆ ಪಾದ್ರಿಗಳು ಬೆಂಗಳೂರಿನಿಂದ ಬಂದಾಗ, ಪಾಠ ಹೇಳಿದವರು ಎದ್ದು ನಿಂತು ಒಬ್ಬೊಬ್ಬರ ಬಗ್ಗೆಯೂ "ಸಿದ್ಧವಾಗಿದ್ದಾಳೆ" ಎಂದು ಸಾಕ್ಷಿ ಹೇಳಬೇಕು. ಆ ಮಾತಿನ ಮೇಲೆಯೇ ದೀಕ್ಷೆ. ನಮ್ಮಲ್ಲಿದ್ದ ಕ್ರಮ ಅದು.

ನನ್ನ ಹತ್ತಿರ ಕಲಿಯುತ್ತಿದ್ದವರಲ್ಲಿ ನನ್ನ ಅಮ್ಮನೂ ಒಬ್ಬಳು. ಗಣಿಗೆ ಸೇರಿದ ಮೇಲೆ ಅಪ್ಪ ಕ್ರೈಸ್ತನಾಗಿದ್ದ. ನನಗೂ ತಮ್ಮನಿಗೂ ದೀಕ್ಷೆಯಾಗಿತ್ತು. ಕಾಮಸಮುದ್ರದ ಕಡೆಯವಳಾದ ಅಮ್ಮ ಮಾತ್ರ ತವರಿನ ದೇವರನ್ನು ಬಿಟ್ಟಿರಲಿಲ್ಲ. ತಮ್ಮ ಎರಡು ವರ್ಷಕ್ಕೇ ಜ್ವರ ಬಂದು ತೀರಿಕೊಂಡ. ಅವನನ್ನು ಸಮಾಧಿ ತೋಟದಲ್ಲಿ ಮಣ್ಣು ಮಾಡಿದ ದಿನ ಅಮ್ಮ ಉಪದೇಶಿಯವರನ್ನು ಕೇಳಿದ್ದು ಒಂದೇ ಮಾತು.

"ನಾನ್ ಸತ್ರೆ ಇವ್ನ್ ಪಕ್ಕ ಮಲಗಿಸ್ತೀರಾ ಸಾಮಿ?"

ಬೇಲಿಯ ಒಳಗೆ ದೀಕ್ಷೆಯಾದವರಿಗೆ ಮಾತ್ರ ಜಾಗ ಎಂದರು ಅವರು. ಮರುವಾರವೇ ಅಮ್ಮ ಬಂದು ನನ್ನ ಮುಂದೆ ಚಾಪೆಯ ಮೇಲೆ ಕೂತಳು.

ಅಯ್ಯೋ, ಆ ಪಾಠದ ಫಜೀತಿ! ದೇವರ ರಾಜ್ಯ ಬರಲಿ ಎಂದು ಬೇಡುವ ಸಾಲಿಗೆ ಬಂದರೆ ಸಾಕು, ಅಮ್ಮನ ಗಾಡಿ ಅಲ್ಲೇ ನಿಲ್ಲುತ್ತಿತ್ತು.

"ಆ ರಾಜ್ಯದಾಗೆ ನಿನ್ ತಮ್ಮ ಅಷ್ಟೇ ಎತ್ರ ಇರ್ತಾನಾ, ಇಲ್ಲ ಬೆಳ್ದ್‌ಬಿಟ್ಟಿರ್ತಾನಾ? ನಂಗ್ ಗುರ್ತು ಸಿಗ್ಬೇಕಲ್ಲೇ!"

"ಪುಸ್ತಕದಾಗೆ ಇರೋದ್ನ ಏಳಮ್ಮ, ಇಲ್ದಿದ್ದೆಲ್ಲ ಕೇಳ್ಬ್ಯಾಡ" ಎಂದು ನಾನು ರೇಗುತ್ತಿದ್ದೆ.

ಪಾದ್ರಿಗಳು ಬರುವ ಹಿಂದಿನ ದಿನ ಹತ್ತು ಕನ್ಯೆಯರ ಕಥೆ ಹೇಳಿದೆ. ಮದುವಣಿಗನಿಗಾಗಿ ದೀಪ ಹಿಡಿದು ಕಾದ ಹತ್ತು ಹುಡುಗಿಯರು. ಐವರ ಹತ್ತಿರ ಎಣ್ಣೆ ಇತ್ತು, ಐವರದು ಮುಗಿದಿತ್ತು. ಎಣ್ಣೆ ತರಲು ಹೋದವರು ತಿರುಗಿ ಬರುವಷ್ಟರಲ್ಲಿ ಬಾಗಿಲು ಹಾಕಿತ್ತು. ಅದಕ್ಕೇ ಸದಾ ಸಿದ್ಧವಾಗಿರಬೇಕು ಎಂದು ದೊಡ್ಡ ಉಪದೇಶಿಯ ಹಾಗೆ ಬೆರಳೆತ್ತಿ ಹೇಳಿದೆ.

"ಅಲ್ಲಾ ಕಣೇ, ಎಣ್ಣೆ ಇದ್ದೋರು ಒಂದೊಂದ್ ತೊಟ್ಟು ಕೊಟ್ಟಿದ್ರೆ ಅವ್ರಪ್ಪನ್ ಮನೆ ಗಂಟೇನ್ ಓಗ್ತಿತ್ತು?" ಎಂದಳು ಅಮ್ಮ.

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಅಮ್ಮನೂ ನಕ್ಕಳು. ನನಗೆ ತಲೆ ಎತ್ತಲಾಗಲಿಲ್ಲ. ಆವತ್ತು ಮನೆಯಲ್ಲಿ ನಾನು ಅವಳ ಹತ್ತಿರ ಮಾತೇ ಆಡಲಿಲ್ಲ.

ಮಾರನೆಯ ಬೆಳಿಗ್ಗೆ ಅಮ್ಮ ತಲೆಗೆ ಎಣ್ಣೆ ಹಚ್ಚಿ, ಮಡಿಸಿಟ್ಟಿದ್ದ ಬಿಳಿ ಸೀರೆ ಉಟ್ಟು ಸಾಲಿನಲ್ಲಿ ನಿಂತಳು. ಅಪ್ಪ ಆ ಪಾಳಿಗೆ ಗಣಿಯೊಳಗೆ ಇಳಿದಿದ್ದ. ನಾನು ಎದ್ದು ಒಬ್ಬೊಬ್ಬರಿಗೂ ಸಾಕ್ಷಿ ಹೇಳುತ್ತಾ ಬಂದೆ. ಅಮ್ಮನ ಸರದಿ ಬಂತು. ನನ್ನನ್ನು ನೋಡಿ ಅವಳು ಸಣ್ಣಗೆ ನಕ್ಕಳು.

"ಇನ್ನೂ ಸಿದ್ಧವಾಗಿಲ್ಲ ಅಯ್ಯಾ" ಎಂದುಬಿಟ್ಟೆ. "ಪಾಠ ಪೂರ್ತಿ ಬಂದಿಲ್ಲ."

ಸುಳ್ಳೇನಲ್ಲ. ಆದರೆ ಉಳಿದವರಿಗೂ ಪೂರ್ತಿ ಬಂದಿರಲಿಲ್ಲ. ಅವರಿಗೆಲ್ಲ ಕಣ್ಣುಮುಚ್ಚಿ ಸಾಕ್ಷಿ ಹೇಳಿದ್ದೆ. ಮುಂದಿನ ವರ್ಷ ನೋಡೋಣ ಎಂದರು ಪಾದ್ರಿಗಳು. ಅಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹಿಂದೆ ಹೋಗಿ ಕೂತಳು. ಅವಳ ಪಕ್ಕದಲ್ಲಿದ್ದವಳು ದೀಕ್ಷೆಗೆ ಎದ್ದಾಗ ಅವಳ ಕೂಸನ್ನು ಅಮ್ಮನೇ ಎತ್ತಿಕೊಂಡಿದ್ದಳು.

"ಓಗ್ಲಿ ಬಿಡೇ, ಮುಂದಿನ್ ವರ್ಷಕ್ಕೆ ಗಟ್ಟಿ ಮಾಡ್ತೀನಿ" ಎಂದಳು ದಾರಿಯಲ್ಲಿ. ಅಷ್ಟೇ.

ಆ ಬೇಸಿಗೆಯಲ್ಲಿ ಲೈನಿಗೆ ವಾಂತಿಭೇದಿ ಬಂತು. ಬೆಳಿಗ್ಗೆ ಮಲಗಿದ ಅಮ್ಮ ಮಧ್ಯಾಹ್ನದ ಪಾಳಿಯ ಸೈರನ್ ಕೂಗುವ ಮೊದಲೇ ಹೋದಳು. ಉಪದೇಶಿಯವರು ಬಂಗಾರಪೇಟೆಗೆ ಹೋಗಿದ್ದರು. ಅವರು ಬರುವ ವೇಳೆಗೆ ಎಲ್ಲ ಮುಗಿದಿತ್ತು.

ಸಂಜೆ ಸಮಾಧಿ ತೋಟದ ಬೇಲಿಯ ಹತ್ತಿರ ಅಪ್ಪ ಅವರಿಗೆ ಕೈಮುಗಿದು ನಿಂತ. ಜೋರಾಗಿ ಮಾತಾಡಿ ಗೊತ್ತಿಲ್ಲದ ಮನುಷ್ಯ ಅವನು.

"ಮಗೀನ್ ಪಕ್ಕ ಒಂದಿಷ್ಟು ಜಾಗ ಕೊಡಿ ಸಾಮಿ. ಪಾಠ ಬರಲ್ಲ, ಮುಂದಿನ್ ವರ್ಷ ನೋಡಾನಾ ಅಂತ ಅವ್ಳೇ ಇಂದಕ್ಕೆ ಸರುದ್ಲು. ಇಲ್ದಿದ್ರೆ ಆಗೋಗಿರೋದು."

ಉಪದೇಶಿಯವರು ಅಪ್ಪನನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. "ಅವರೆಲ್ಲಿ ಸರಿದರು? ಸಿದ್ಧವಾಗಿಲ್ಲ ಅಂತ ಹೇಳಿದ್ದು ನಿಮ್ಮ ಮಗಳು" ಎಂದರು.

ಅಮ್ಮ ಅಪ್ಪನಿಗೆ ಏನು ಹೇಳಿದ್ದಳೆಂದು ನನಗೆ ಆಗಲೇ ತಿಳಿದದ್ದು. ಬೇಲಿಯ ಬುಡದಲ್ಲಿ ಮುಖ ಮುಚ್ಚಿಕೊಂಡು ಕೂತೆ. ಅಪ್ಪ ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ. ಅವನು ಬಗ್ಗಿ ನನ್ನ ತಲೆ ಮುಟ್ಟಿದ.

"ಇದು ನಂಗ್ ಗೊತ್ತಾಗ್ಬಾರ್ದು ಅಂತಿತ್ತು ಕಣವ್ವಾ ಅವ್ಳಿಗೆ" ಎಂದ.

ಆಮೇಲೆ ಸನಿಕೆ ಎತ್ತಿಕೊಂಡು, ಬೇಲಿಯ ಹೊರಗೆ ತಾನೇ ಅಗೆಯತೊಡಗಿದ.